ಗುಲಾಬಿಗೆ ಇನ್ನೂ ಗಾದೆಯಿಲ್ಲ

ರಾಗಿ ಬೆಳೆಯುವುದನ್ನು ದೊಡ್ಡಬಳ್ಳಾಪುರ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭರಣಿ ಮಳೆ ಬಿದ್ದರೆ ಏನು ಮಾಡಬೇಕು, ಆರಿದ್ರಾ ಕೈಕೊಟ್ಟರೆ ಯಾವ ತಳಿ ಬಿತ್ತಬೇಕು, ಚಿತ್ತಾ ಮಳೆಯ ಹೊತ್ತಿಗೆ ತೆನೆ ಯಾವ ಹದದಲ್ಲಿರಬೇಕು ಎಂಬುದೆಲ್ಲ ಗಾದೆಗಳಲ್ಲಿ, ಹಿರಿಯರ ಮಾತುಗಳಲ್ಲಿ ಕೂಡಿಟ್ಟ ಗಂಟಿನಂತೆ ಸಿದ್ಧವಾಗಿದೆ. ಅದೇ ರಾಗಿ ಹೊಲದ ಬದುವಿನಾಚೆ ಅರ್ಧ ಎಕರೆಯಲ್ಲಿ ಮೆರಾಬುಲ್ ಗುಲಾಬಿ ಹಾಕಿದವರಿಗೆ ಆ ಗಂಟು ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಬರಬೇಕಾದರೆ ಯಾವ ಮಳೆಯಲ್ಲಿ ಗಿಡ ಸವರಬೇಕು, ಯಾವ ಬಿಸಿಲಿಗೆ ಎಲೆಯಡಿ ನುಸಿ ಕೂರುತ್ತದೆ ಎಂದು ಹೇಳುವ ಗಾದೆ ಹುಟ್ಟಿಲ್ಲ. ಹುಟ್ಟುವಷ್ಟು ಕಾಲವೂ ಆಗಿಲ್ಲ. ಅವರ ಕೈಯಲ್ಲಿರುವುದು ಸುದ್ದಿ ಮಾತ್ರ. ಪಕ್ಕದೂರಿನ ತೋಟದಲ್ಲಿ ಬೂದಿ ರೋಗ ಕಂಡಿದೆಯಂತೆ, ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ನಿನ್ನೆ ಹೂವಿನ ರೇಟು ಬಿದ್ದುಹೋಯಿತಂತೆ, ತೂಬಗೆರೆ ಕಡೆ ಆಲಿಕಲ್ಲು ಮಳೆಯಂತೆ ಎಂದು ಬಾಯಿಂದ ಬಾಯಿಗೆ ದಾಟುವ ಮಾತು. ಹೊರಗಿನವರ ಕಿವಿಗೆ ಇದು ಹೊತ್ತು ಕಳೆಯುವ ಹರಟೆಯಂತೆ ಕೇಳಬಹುದು. ಆದರೆ ಗುಲಾಬಿ ಬೆಳೆಗೆ ನೀರು, ಗೊಬ್ಬರ ಎಷ್ಟು ಮುಖ್ಯವೋ ಈ ಸುದ್ದಿಯೂ ಅಷ್ಟೇ ಮುಖ್ಯ. ಅದನ್ನು ಬರೆದಿಟ್ಟು ಊರಿನ ಸೊತ್ತು ಮಾಡಿಕೊಳ್ಳದಿದ್ದರೆ ಈ ಸೀಮೆಯ ಗುಲಾಬಿ ಬೆಳೆಗಾರರು ಪ್ರತಿ ವರ್ಷವೂ ಮೊದಲಿನಿಂದ ಕಲಿಯಬೇಕಾಗುತ್ತದೆ ಎಂಬುದು ನನ್ನ ವಾದ.

ಈ ಮಾತಿಗೆ ಬಾಶೆಟ್ಟಿಹಳ್ಳಿಯನ್ನು ನಡುವಿಗಿಟ್ಟುಕೊಳ್ಳಲು ಕಾರಣವಿದೆ. ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ ಮುಟ್ಟುವ ಮುನ್ನ ಸಿಗುವ ಈ ಊರು ಇಂದು ಹೆಸರಾಗಿರುವುದು ಕೈಗಾರಿಕಾ ಪ್ರದೇಶಕ್ಕೆ. ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬುವ ಕಾರ್ಮಿಕರು, ಬಾಡಿಗೆ ಮನೆಗಳ ಸಾಲು, ಗ್ರಾಮ ಪಂಚಾಯಿತಿ ಹೋಗಿ ಬಂದಿರುವ ಪಟ್ಟಣ ಪಂಚಾಯಿತಿ, ಇವು ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಇದೇ ತಾಲ್ಲೂಕಿನ ಒಳರಸ್ತೆಗಳನ್ನು ಹಿಡಿದರೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಸೇವಂತಿಗೆ, ಗುಲಾಬಿ ತೋಟಗಳು ಇನ್ನೂ ಉಸಿರಾಡುತ್ತಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲ, ನಂದಿ ಬೆಟ್ಟದ ಮಗ್ಗುಲಿನ ತಂಪು ರಾತ್ರಿ, ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲಿ 2008ರಿಂದ ವಿಮಾನ ನಿಲ್ದಾಣ, ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಗುಲಾಬಿಗೆ ಇಷ್ಟೆಲ್ಲ ಅನುಕೂಲ ಒಂದೆಡೆ ಕೂಡಿಬರುವ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ. ಇಲ್ಲಿ ಬೆಳೆಯುವುದು ಎರಡು ಬಗೆ. ಹಾರಕ್ಕೆ, ಪೂಜೆಗೆ ಕೆ.ಜಿ. ಲೆಕ್ಕದಲ್ಲಿ ಹೋಗುವ ಬಯಲಿನ ಬಿಡಿ ಹೂ ಒಂದು. ಪಾಲಿಹೌಸ್‌ನಲ್ಲಿ ಬೆಳೆದು ಉದ್ದ ಕಡ್ಡಿಯ ಸಮೇತ ಕೊಯ್ದು, 20ರ ಕಟ್ಟು ಮಾಡಿ ಕಳಿಸುವ ಡಚ್ ಗುಲಾಬಿ ಇನ್ನೊಂದು. ಎರಡಕ್ಕೂ ಮಾರುಕಟ್ಟೆ ಬೇರೆ, ಬಂಡವಾಳ ಬೇರೆ. ಸುದ್ದಿಯ ಹಸಿವು ಮಾತ್ರ ಒಂದೇ.

ಗುಲಾಬಿ ಈ ಭಾಗಕ್ಕೆ ಹೊಸದಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ತೋಟದ ಹೂವಾಗಿ ಅದು ಹಳೆಯದು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟಗಳಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ಚೌಕವನ್ನೇ ಮೀಸಲಿಟ್ಟಿದ್ದನ್ನೂ, ಒಂದು ಚೌಕದ ತುಂಬ ಗುಲಾಬಿಯೇ ಇದ್ದದ್ದನ್ನೂ ದಾಖಲಿಸಿದ್ದಾನೆ. ಮುಂದೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜಿ.ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳು ನಗರದ ಗುಲಾಬಿ ಪ್ರಿಯರನ್ನು ಒಂದೆಡೆ ಸೇರಿಸಿದವು. ಬೆಂಗಳೂರಿನ ಕೆ.ಎಸ್. ಗೋಪಾಲಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲಿ ಭಾರತದ ಹವೆಗೆ ಹೊಂದುವ ತೋಟಗಾರಿಕೆಯ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ ದೇಶದ ಉದ್ದಗಲಕ್ಕೆ ಓದುಗರನ್ನು ಪಡೆಯಿತು. ಇವೆಲ್ಲ ಅಂಗಳದ ಗುಲಾಬಿಯ ಚರಿತ್ರೆ. ಹೊಲದ ಬೆಳೆಯಾಗಿ, ಮನೆ ನಡೆಸುವ ದುಡಿಮೆಯಾಗಿ ಗುಲಾಬಿ ಇಲ್ಲಿ ಬೇರೂರಿದ್ದು ತೀರ ಈಚೆಗೆ. 1988ರ ಬೀಜ ನೀತಿ ಹೊರದೇಶದ ಸಸಿಗಳ ಆಮದನ್ನು ಸಡಿಲಿಸಿತು, 1991ರ ನಂತರ ರಫ್ತಿನ ಆಸೆ ಚಿಗುರಿತು, ಪಾಲಿಹೌಸ್‌ಗಳು ಎದ್ದವು, 2007ರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರ ಶುರುವಾಯಿತು. ಎಲ್ಲ ಸೇರಿ ಒಂದು ತಲೆಮಾರಿನ ಕತೆ. ರಾಗಿಯ ಜಾಣ್ಮೆ ಶತಮಾನಗಳಲ್ಲಿ ಹರಳುಗಟ್ಟಿದ್ದು. ಗುಲಾಬಿಯ ಜಾಣ್ಮೆ ಇನ್ನೂ ಕುದಿಯುವ ಹಂತದಲ್ಲಿದೆ.

ಸೂರ್ಯನ ಲೆಕ್ಕ, ಚಂದ್ರನ ಲೆಕ್ಕ

ಕಾಲ ಸಾಲದು ಎಂಬುದು ಒಂದು ಕಾರಣವಾದರೆ, ಗುಲಾಬಿಗೆ ಸಿದ್ಧ ಗಾದೆ ಹುಟ್ಟುವುದೇ ಕಷ್ಟವಾಗಿರುವುದಕ್ಕೆ ಇನ್ನೂ ಆಳದ ಕಾರಣವೊಂದಿದೆ. ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುತ್ತವೆ. ಆರಿದ್ರಾ ಮಳೆ ಪ್ರತಿ ವರ್ಷ ಜೂನ್ ಮೂರನೆಯ ವಾರ ಕಳೆಯುತ್ತಲೇ ಹುಟ್ಟುತ್ತದೆ, ದಿನ ಹೆಚ್ಚು ಕಮ್ಮಿಯಾದರೆ ಒಂದು. ಅದಕ್ಕೆ ಕಟ್ಟಿಹಾಕಿದ ಗಾದೆ ನೂರು ವರ್ಷದ ನಂತರವೂ ನಿಲ್ಲುತ್ತದೆ. ಹೂವಿನ ಮಾರುಕಟ್ಟೆ ಮಾತ್ರ ಚಂದ್ರನ ಪಂಚಾಂಗವನ್ನು ನೋಡುತ್ತದೆ. ವರಮಹಾಲಕ್ಷ್ಮಿ ವ್ರತ 2023ರಲ್ಲಿ ಆಗಸ್ಟ್ 25ಕ್ಕೆ ಬಂತು, 2024ರಲ್ಲಿ ಆಗಸ್ಟ್ 16ಕ್ಕೆ, 2025ರಲ್ಲಿ ಆಗಸ್ಟ್ 8ಕ್ಕೆ. ಬೆಚ್ಚಗಿನ ತಿಂಗಳುಗಳಲ್ಲಿ ಗಿಡ ಸವರಿದ ದಿನದಿಂದ ಹೂ ಕೈಗೆ ಬರಲು ಸುಮಾರು 45 ದಿನ ಬೇಕು. ಹಿಂದಕ್ಕೆ ಎಣಿಸಿದರೆ 2023ರಲ್ಲಿ ಕತ್ತರಿ ಹಿಡಿಯಬೇಕಾದದ್ದು ಜುಲೈ ಎರಡನೆಯ ವಾರ, ಪುನರ್ವಸು ಮಳೆಯಲ್ಲಿ. 2025ರಲ್ಲಿ ಜೂನ್ ಕೊನೆ, ಆರಿದ್ರಾ ಮಳೆಯಲ್ಲಿ. ಹಬ್ಬ ಒಂದೇ, ಗಿಡ ಒಂದೇ, ತೋಟ ಒಂದೇ. ಕೆಲಸದ ದಿನ ಮಾತ್ರ ಎರಡು ವರ್ಷದಲ್ಲಿ ಎರಡು ವಾರಕ್ಕೂ ಹೆಚ್ಚು ಸರಿದಿದೆ. ಇದರ ಜೊತೆಗೆ ಕ್ಯಾಲೆಂಡರಿನಲ್ಲಿ ಅಲ್ಲಾಡದೆ ಕೂತ ಫೆಬ್ರವರಿ 14 ಬೇರೆ. ಸೂರ್ಯ ಹವೆ ಕೊಡುತ್ತಾನೆ, ಚಂದ್ರ ಬೆಲೆ ಕೊಡುತ್ತಾನೆ. ಇವೆರಡರ ನಡುವೆ ಪ್ರತಿ ವರ್ಷವೂ ಹೊಸದಾಗಿ ಲೆಕ್ಕ ಹಾಕಬೇಕಾದವರು ಬೆಳೆಗಾರರು.

ಈ ಲೆಕ್ಕ ಎಷ್ಟು ಸೂಕ್ಷ್ಮವೆಂಬುದು ಒಂದೇ ಕಡ್ಡಿಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಹೂವಿನ ಕೆಳಗಿನ ಮೊದಲ ಎಲೆಗಳಲ್ಲಿ ಮೂರು ಮೂರು ಕಿರುಎಲೆಗಳಿರುತ್ತವೆ. ಇನ್ನೂ ಕೆಳಗಿಳಿದರೆ ಐದು ಕಿರುಎಲೆಯ ಎಲೆ ಸಿಗುತ್ತದೆ. ಅದರ ಕಂಕುಳಲ್ಲಿ ರಾಗಿಕಾಳಿಗಿಂತ ತುಸು ದೊಡ್ಡದಾದ ಒಂದು ಕಣ್ಣು. ಆ ಕಣ್ಣು ಗಿಡದ ಹೊರಮುಖಕ್ಕೆ ತಿರುಗಿದ್ದರೆ, ಅದರ ಮೇಲೆ ಕಾಲು ಅಂಗುಲ ಬಿಟ್ಟು ಕತ್ತರಿಸಬೇಕು. ಇನ್ನೂ ಮೇಲೆ ಕತ್ತರಿಸಿದರೆ ಕಡ್ಡಿ ಸಣ್ಣಗಾಗಿ ಮುಂದಿನ ಹೂ ಕುಗ್ಗುತ್ತದೆ. ತೀರ ಕೆಳಗೆ ಕತ್ತರಿಸಿದರೆ ಗಿಡ ತಡವಾಗಿ ಚಿಗುರುತ್ತದೆ. ಹೀಗೆ ಕತ್ತರಿಸಿದ ಕಣ್ಣು ಜೂನ್‌ನಲ್ಲಿ 45 ದಿನಕ್ಕೆ ಹೂ ಕೊಟ್ಟರೆ, ಡಿಸೆಂಬರ್‌ನ ಚಳಿಯಲ್ಲಿ 55ರಿಂದ 60 ದಿನ ತೆಗೆದುಕೊಳ್ಳಬಹುದು. ಯಾವ ಚಳಿಗೆ ಎಷ್ಟು ದಿನ? ಪುಸ್ತಕ ಒಂದು ಸರಾಸರಿ ಹೇಳೀತು. ಮಾಕಳಿದುರ್ಗದ ಬುಡದ ಹಳ್ಳಿಯ ಇಬ್ಬನಿ ಬೇರೆ, ಕಾರ್ಖಾನೆಗಳ ನಡುವಿನ ಬಾಶೆಟ್ಟಿಹಳ್ಳಿಯ ರಾತ್ರಿ ಬೇರೆ. ಹೋದ ವರ್ಷ ಯಾರು ಎಂದು ಸವರಿದರು, ಎಂದು ಹೂ ಬಂತು ಎಂಬ ಸುದ್ದಿಯೇ ಇಲ್ಲಿ ಉತ್ತರ.

ವರ್ಷವಿಡೀ ಇದೇ ಬಗೆ. ಧನುರ್ಮಾಸದಲ್ಲಿ ಮದುವೆಗಳು ನಿಂತು ಊರ ಮಾರುಕಟ್ಟೆ ಮಂಕಾಗುತ್ತದೆ; ಅದೇ ಹೊತ್ತಿಗೆ ಪಾಲಿಹೌಸ್‌ಗಳಲ್ಲಿ ಫೆಬ್ರವರಿಯ ಕೆಂಪು ತಾಜ್ ಮಹಲ್ ತಳಿಗೆ ತಯಾರಿ ನಡೆಯುತ್ತಿರುತ್ತದೆ. 2024ರ ಪ್ರೇಮಿಗಳ ದಿನದ ಋತುವಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 2 ಕೋಟಿ 90 ಲಕ್ಷ ಗುಲಾಬಿ ಕಡ್ಡಿಗಳನ್ನು ಸಾಗಿಸಿತು. ಅಷ್ಟೂ ಹೂ ಒಂದೆರಡು ವಾರದೊಳಗೆ ಅರಳಬೇಕು, ಅದೂ ಅರೆಬಿರಿದ ಮೊಗ್ಗಾಗಿಯೇ ಶೀತಗೃಹ ಸೇರಬೇಕು. ಸಂಕ್ರಾಂತಿ ಕಳೆದು ಬಿಸಿಲೇರಿದರೆ ಮದುವೆಯ ಬೇಡಿಕೆ, ಅದರ ಬೆನ್ನಿಗೇ ನುಸಿ ಮತ್ತು ಥ್ರಿಪ್ಸ್ ಕಾಟ, ಕೊಳವೆ ಬಾವಿಯ ಚಿಂತೆ. ಮುಂಗಾರಿನಲ್ಲಿ ಕಪ್ಪು ಚುಕ್ಕೆ ರೋಗ. ಎಲೆ ಏಳು ತಾಸಿನಷ್ಟು ಒದ್ದೆಯಾಗಿ ಉಳಿದರೆ ಆ ಶಿಲೀಂಧ್ರಕ್ಕೆ ಸಾಕು. ಆಷಾಢದಲ್ಲಿ ಬೆಲೆ ಕುಸಿತ, ಶ್ರಾವಣದಲ್ಲಿ ಏರಿಕೆ, ಮಹಾಲಯ ಪಕ್ಷದಲ್ಲಿ ಮತ್ತೆ ಇಳಿತ, ಆಯುಧ ಪೂಜೆಗೆ ಮತ್ತೆ ಜಿಗಿತ. ಕಾರ್ತಿಕದ ಹೊತ್ತಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ದಳಗಳು ಕೊಳೆಯುತ್ತವೆ. ಇದರಲ್ಲಿ ಯಾವುದೂ ಒಂದೇ ತೋಟದ ಬೇಲಿಯೊಳಗೆ ನಿಲ್ಲುವ ಸಂಗತಿಯಲ್ಲ. ಒಂದು ತೋಟದ ಇಂದಿನ ಕಷ್ಟ ಪಕ್ಕದ ತೋಟದ ಮುಂದಿನ ವಾರದ ಕಷ್ಟ.

ನುಸಿಯನ್ನೇ ನೋಡಿ. ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ. ಕೆಳಗಿನ ಎಲೆಯನ್ನು ತಿರುಗಿಸಿ, ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿದರೆ ಕೆಂಪು ದೂಳಿನ ಕಣಗಳು ಉದುರಿದಂತಾಗಿ, ಕ್ಷಣ ಬಿಟ್ಟು ಆ ಕಣಗಳು ನಡೆಯತೊಡಗುತ್ತವೆ. ಮಾರ್ಚ್, ಏಪ್ರಿಲ್‌ನ ಒಣಬಿಸಿಲಿನಲ್ಲಿ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಅದಕ್ಕೆ ಹತ್ತು ದಿನವೂ ಬೇಡ. ಎಲೆ ಹಳದಿಯಾಗಿ ಬಲೆ ಕಟ್ಟಿದ್ದು ಕಂಡ ಮೇಲೆ ಔಷಧಿ ಹೊಡೆಯಲು ಹೊರಟರೆ ಎರಡು ಮೂರು ಪೀಳಿಗೆ ಆಗಿಹೋಗಿರುತ್ತದೆ. ‘ನಮ್ಮ ಕಡೆ ಕಾಣಿಸ್ತಿದೆ, ಕೆಳಗಿನ ಎಲೆ ತಿರುಗಿಸಿ ನೋಡಣ್ಣ’ ಎಂಬ ಒಂದು ಮಾತು ಆ ವಾರವೇ ಕಿವಿಗೆ ಬಿದ್ದರೆ ಪೀಡೆಯ ಎಲೆಗಳನ್ನು ಕಿತ್ತು ಸುಟ್ಟು, ನೀರಿನ ರಭಸದಿಂದ ತೊಳೆದು, ಒಂದೇ ಸಿಂಪಡಣೆಯಲ್ಲಿ ಮುಗಿಸಬಹುದು. ತಡವಾದರೆ ಮೇಲಿಂದ ಮೇಲೆ ಔಷಧಿ, ಮೇಲಿಂದ ಮೇಲೆ ಖರ್ಚು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿಗೆ ಅದು ನಾಟದಂತಾಗುವ ಅಪಾಯ ಬೇರೆ. ಸುದ್ದಿಗೆ ಕೃಷಿಯಲ್ಲಿ ರೂಪಾಯಿಯ ಬೆಲೆ ಇದೆ ಎನ್ನಲು ಇದಕ್ಕಿಂತ ನೇರ ಉದಾಹರಣೆ ಬೇಡ.

ಈ ಮಾತು ಮೊದಲು ಹುಟ್ಟುವುದು ಯಾರ ಬಾಯಲ್ಲಿ ಎಂಬುದನ್ನೂ ಗಮನಿಸಬೇಕು. ಬಿಡಿ ಹೂವಿನ ತೋಟದಲ್ಲಿ ಬೆಳಕು ಹರಿಯುವ ಮುನ್ನವೇ, ಹಣೆಗೆ ಟಾರ್ಚ್ ಕಟ್ಟಿಕೊಂಡು ಹೂ ಬಿಡಿಸುವವರು ಹೆಚ್ಚಾಗಿ ಹೆಂಗಸರು. ಗಿಡ ಗಿಡದ ಮುಂದೆ ಬಗ್ಗಿ ನಿಂತು ಎಲೆ ಸರಿಸುವ ಅವರ ಕೈಗೆ ತೋಟದ ಸ್ಥಿತಿ ಮಾಲೀಕರಿಗಿಂತ ಎರಡು ದಿನ ಮೊದಲು ಗೊತ್ತಾಗುತ್ತದೆ. ಒಂದೇ ವಾರದಲ್ಲಿ ಎರಡು ಮೂರು ತೋಟಗಳಲ್ಲಿ ಕೂಲಿ ಮಾಡುವುದರಿಂದ ಯಾವ ತೋಟದಲ್ಲಿ ಮೊಗ್ಗು ತಡ, ಎಲ್ಲಿ ಚಿಗುರು ಸುರುಟಿದೆ ಎಂಬ ಹೋಲಿಕೆಯೂ ಅವರಿಗೇ ಸಾಧ್ಯ. ಆದರೆ ತರಬೇತಿಗೆ ಕರೆಯುವಾಗ, ಸಭೆಯಲ್ಲಿ ಮಾತಿಗೆ ನಿಲ್ಲಿಸುವಾಗ ಪಹಣಿಯಲ್ಲಿ ಹೆಸರಿರುವವರೇ ಮುಂದೆ. ಸುದ್ದಿಯ ಮೂಲವನ್ನೇ ಹೊರಗಿಟ್ಟು ಸುದ್ದಿ ಕೂಡಿಸುವುದು ಸಾಧ್ಯವಿಲ್ಲ. ತೋಟದ ಜ್ಞಾನವನ್ನು ಬರೆದಿಡುವುದಾದರೆ ಮೊದಲ ಸಾಲು ಈ ಹೆಂಗಸರು ಹೇಳಿದ್ದೇ ಆಗಿರಬೇಕು.

ಹಂಚಿಕೊಂಡವರು ಗಳಿಸಿದ್ದು

ಗುಲಾಬಿ ಬೆಳೆಯುವವರು ತಮ್ಮ ತೋಟದ ವರದಿಯನ್ನು ಹಂಚಿಕೊಂಡು ಬೆಳೆದದ್ದಕ್ಕೆ ಹೊರದೇಶಗಳಲ್ಲಿ ದೊಡ್ಡ ಪರಂಪರೆಯೇ ಇದೆ. ಬ್ರಿಟನ್ನಿನಲ್ಲಿ 1876ರಲ್ಲಿ ರಾಷ್ಟ್ರೀಯ ಗುಲಾಬಿ ಸಂಘ ಹುಟ್ಟಿತು, ನಂತರ ವಾರ್ಷಿಕ ಸಂಚಿಕೆ ತರತೊಡಗಿತು. ಅಮೆರಿಕದ ಗುಲಾಬಿ ಸಂಘ 1916ರಿಂದ ಜೆ. ಹೊರೇಸ್ ಮ್ಯಾಕ್‌ಫಾರ್ಲೆಂಡ್ ಅವರ ಸಂಪಾದಕತ್ವದಲ್ಲಿ ವಾರ್ಷಿಕ ಹೊರತಂದಿತು. ಬೇರೆ ಬೇರೆ ರಾಜ್ಯಗಳ ಸಾಮಾನ್ಯ ಸದಸ್ಯರು ಹೊಸ ತಳಿಗಳು ತಮ್ಮ ತೋಟದಲ್ಲಿ ಹೇಗೆ ಬಂದವೆಂದು ಬರೆದು ಕಳಿಸುತ್ತಿದ್ದ ವರದಿಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಒಂದೇ ತಳಿಯನ್ನು ಒಬ್ಬರು ಹೊಗಳಿದರೆ ಇನ್ನೊಬ್ಬರು ತೆಗಳುತ್ತಿದ್ದರು. ಎರಡನ್ನೂ ಓದಿದವರಿಗೆ ಯಾವ ಹವೆಗೆ ಯಾವ ಗಿಡ ಎಂಬುದು ಸ್ಪಷ್ಟವಾಗುತ್ತಿತ್ತು. ಅವರು ಹವ್ಯಾಸಿಗಳು, ನಮ್ಮವರು ಹೊಟ್ಟೆಪಾಡಿನವರು, ಹೋಲಿಕೆ ಹೊಂದುವುದಿಲ್ಲ ಎನ್ನಬಹುದು. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಸೋತರೂ ನಷ್ಟವಿಲ್ಲದ ಹವ್ಯಾಸಿಗೇ ಬರೆದಿಡುವುದು ಅಗತ್ಯ ಎನಿಸಿತ್ತಾದರೆ, ಒಂದು ಹಬ್ಬ ತಪ್ಪಿದರೆ ಬ್ಯಾಂಕಿನ ಕಂತು ತಪ್ಪುವ ಬೆಳೆಗಾರನಿಗೆ ಅದು ಇನ್ನೆಷ್ಟು ಅಗತ್ಯ.

ನಮ್ಮ ನೆಲದ ಅನುಭವವೂ ಇದನ್ನೇ ಹೇಳುತ್ತದೆ. ಐಎಎಸ್ ಅಧಿಕಾರಿಯಾಗಿದ್ದು, ನಂತರ ಕೊಡೈಕೆನಾಲ್‌ನಲ್ಲಿ ನೆಲೆಸಿ ಗುಲಾಬಿ ತಳಿ ಅಭಿವೃದ್ಧಿಗೆ ಬದುಕು ಮೀಸಲಿಟ್ಟ ಎಂ.ಎಸ್. ವೀರರಾಘವನ್ ಅವರ ತರ್ಕ ಸರಳವಾದದ್ದು. ಯುರೋಪಿನ ಚಳಿಗೆಂದು ಬೆಳೆಸಿದ ಗುಲಾಬಿ ನಮ್ಮ ಬಿಸಿಲಿನಲ್ಲಿ ಬಳಲುತ್ತದೆ. ಹಾಗಾಗಿ ಅವರು ಭಾರತದ ಕಾಡುಗುಲಾಬಿಗಳಾದ ರೋಸಾ ಕ್ಲೈನೋಫಿಲ್ಲಾ, ರೋಸಾ ಜೈಗಾಂಟಿಯಾಗಳನ್ನು ಬೆರೆಸಿ ಬಿಸಿಲು ತಾಳುವ ತಳಿಗಳತ್ತ ಹೊರಟರು. ಹೆಸರಘಟ್ಟದ ಸಂಸ್ಥೆಯೂ ‘ಅರ್ಕಾ’ ಹೆಸರಿನ ಸಾಲಿನಲ್ಲಿ ಗುಲಾಬಿ ತಳಿಗಳನ್ನು ಬಿಡುಗಡೆ ಮಾಡಿದೆ. ಬಿಡಿ ಹೂವಿಗೆ ಹೊಂದುವ ಅರ್ಕಾ ಸವಿ ಅವುಗಳಲ್ಲೊಂದು. ಊರಿಗೆ ತಕ್ಕ ಗಿಡ ಬೇಕು ಎಂಬುದನ್ನು ವಿಜ್ಞಾನ ಒಪ್ಪಿದೆ. ಊರಿಗೆ ತಕ್ಕ ದಿನಚರಿಯೂ ಬೇಕು ಎಂಬುದು ಅದರ ಮುಂದಿನ ಹೆಜ್ಜೆ. ಹಾಲೆಂಡಿನ ಕಂಪನಿ ಗಿಡದ ಜೊತೆ ಕೊಡುವ ಕೈಪಿಡಿಯಲ್ಲಿ ಪುನರ್ವಸು ಮಳೆಯೂ ಇಲ್ಲ, ಮಹಾಲಯ ಪಕ್ಷವೂ ಇಲ್ಲ.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಮಾಹಿತಿ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ, ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಾಲ್ಲೂಕು ಕೇಂದ್ರದಲ್ಲಿ ತೋಟಗಾರಿಕೆ ಇಲಾಖೆ ಇದೆ, ಸಾಲದೇ ಎಂಬುದು ಮೊದಲ ಆಕ್ಷೇಪ. ಆ ಸಂಸ್ಥೆಗಳ ಕೆಲಸ ದೊಡ್ಡದು, ಅವಿಲ್ಲದೆ ಈ ವಾದವೇ ನಿಲ್ಲದು. ಆದರೆ ಅವು ಕೊಡುವುದು ಎಲ್ಲ ಕಡೆಗೂ ಸಲ್ಲುವ ವಿಧಾನ. ನುಸಿ ಕಂಡರೆ ಏನು ಮಾಡಬೇಕೆಂದು ಅವು ಹೇಳಬಲ್ಲವು. ಈ ವಾರ ನುಸಿ ಕಂಡಿದೆ ಎಂದು ಹೇಳಬೇಕಾದವರು ತೋಟದವರೇ. ಮೊಬೈಲಿನಲ್ಲಿ ಹರಿದಾಡುವ ಸುದ್ದಿಯೂ ಉಪಯೋಗದ್ದೇ. ಆದರೆ ಅದು ಮರುದಿನಕ್ಕೆ ಕೆಳಗೆ ಸರಿದು ಕಣ್ಮರೆಯಾಗುತ್ತದೆ. ಮೂರು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ಮೊಗ್ಗು ಎಷ್ಟು ದಿನ ತಡವಾಯಿತು ಎಂದು ಅದರಲ್ಲಿ ಹುಡುಕಲಾಗದು. ಹೀಗಾಗಿ ಬಹಳ ಕಡೆ ಸಲಹೆಯ ಕೊನೆಯ ಮಾತು ಔಷಧಿ ಅಂಗಡಿಯಲ್ಲೇ ಮುಗಿಯುತ್ತದೆ. ಔಷಧಿ ಮಾರಿ ಬದುಕುವವರ ಸಲಹೆ ಔಷಧಿಯ ಕಡೆಗೆ ವಾಲುವುದು ಸಹಜ. ಬೆಳೆಗಾರರ ಸ್ವಂತ ದಾಖಲೆ ಇದ್ದರೆ ಆ ಸಲಹೆಯನ್ನು ತೂಗಿ ನೋಡಲು ಒಂದು ತಕ್ಕಡಿ ಸಿಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಬೆಳೆಗಾರರು ಪರಸ್ಪರ ಪೈಪೋಟಿಗಾರರು; ತಾನು ಯಾವಾಗ ಗಿಡ ಸವರಿದೆ ಎಂದು ಹೇಳಿಬಿಟ್ಟರೆ ಎಲ್ಲರೂ ಅಂದೇ ಸವರುತ್ತಾರೆ, ಒಂದೇ ದಿನ ಹೂ ರಾಶಿಬಿದ್ದು ಬೆಲೆ ನೆಲ ಕಚ್ಚುತ್ತದೆ. ಹೂ ರಾಶಿಬೀಳುವುದು ನಿಜ. ಕಾರಣ ಮಾತ್ರ ಬೇರೆ. ಹಬ್ಬದ ದಿನ ಪಂಚಾಂಗದಲ್ಲಿದೆ, ಅದು ಯಾರಿಗೂ ಗುಟ್ಟಲ್ಲ. ಎಲ್ಲರೂ ಒಂದೇ ದಿನಕ್ಕೆ ಗುರಿಯಿಡುವುದು ಆ ಬಹಿರಂಗ ಸತ್ಯದಿಂದ. ಎಷ್ಟು ಎಕರೆ ಆ ದಿನಕ್ಕೆ ಸಜ್ಜಾಗಿದೆ ಎಂಬ ಎಣಿಕೆ ಮಾತ್ರ ಯಾರ ಬಳಿಯೂ ಇಲ್ಲ. ಆ ಎಣಿಕೆ ಇದ್ದರೆ ಕೆಲವರಾದರೂ ಸುಮಾರು ಮೂರು ವಾರ ಬಿಟ್ಟು, ಗೌರಿ ಗಣೇಶ ಹಬ್ಬಕ್ಕೋ ಅದರ ಮುಂದಿನ ಮದುವೆಗಳಿಗೋ ಹೂ ತರಬಲ್ಲರು. ಬೆಲೆ ಕುಸಿತಕ್ಕೆ ಹೊಣೆ ಸುದ್ದಿ ಹಂಚಿಕೊಂಡದ್ದಲ್ಲ, ಅರ್ಧ ಸುದ್ದಿಯಷ್ಟೇ ಹಂಚಿಕೊಂಡದ್ದು. ಹೆಬ್ಬಾಳದ ಹರಾಜಿನಲ್ಲಿ ಬೆಲೆ ಮೇಲಿನಿಂದ ಇಳಿಯುತ್ತಾ ಬಂದು, ಮೊದಲು ಒಪ್ಪಿದ ಖರೀದಿದಾರನಲ್ಲಿ ನಿಲ್ಲುತ್ತದೆ. ಅಲ್ಲಿ ಬೆಲೆ ಎಲ್ಲರ ಕಣ್ಣೆದುರು ಹುಟ್ಟುತ್ತದೆ. ಮಂಡಿಗೆ ಹೂ ಹಾಕುವ ಬಿಡಿ ಹೂವಿನ ಸಣ್ಣ ಬೆಳೆಗಾರನಿಗೆ ಆ ಸೌಲಭ್ಯವಿಲ್ಲ. ಕಮಿಷನ್ ಕಳೆದು ಚೀಟಿ ಕೈಗೆ ಬಂದಾಗಲೇ ಬೆಲೆ ತಿಳಿಯುವುದು. ವ್ಯಾಪಾರಿಗೆ ಹತ್ತು ಊರಿನ ಸುದ್ದಿ ಗೊತ್ತು, ಬೆಳೆಗಾರನಿಗೆ ತನ್ನೊಬ್ಬನದು. ಈ ಅಂತರವನ್ನು ಕಡಿಮೆ ಮಾಡುವ ಯಾವುದೇ ದಾಖಲೆ ಬೆಳೆಗಾರನ ಪರವಾಗಿಯೇ ಕೆಲಸ ಮಾಡುತ್ತದೆ.

ಮೂರನೆಯದು ನೀರಿನ ಪ್ರಶ್ನೆ, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೊಡ್ಡಬಳ್ಳಾಪುರ ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಸಾವಿರ ಅಡಿ ಮೀರಿದ ಕೊಳವೆ ಬಾವಿಯಿಂದ ಎತ್ತಿದ ನೀರನ್ನು ಹೂವಿಗೆ ಹರಿಸಬೇಕೇ, ಹೂವಿನ ಮೇಲೆ ಇಷ್ಟು ಔಷಧಿ ಸುರಿಯಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹೂವು ಇಲ್ಲಿ ಶ್ರೀಮಂತರ ಶೋಕಿ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕನ್ನಡನಾಡಿನ ಬಡವರ ಮನೆಯ ದೇವರ ಪಟಕ್ಕೂ, ಹೆಣ್ಣುಮಕ್ಕಳ ಮುಡಿಗೂ, ಕೊನೆಯ ಯಾತ್ರೆಗೂ ಹೂ ಬೇಕು. ಅದನ್ನು ಬಿಡಿಸಿ, ಕಟ್ಟಿ, ಮಾರಿ ಬದುಕುವವರೂ ಬಡವರೇ. ನೀರು, ಔಷಧಿಗಳ ಮಾತಿಗೆ ಬಂದರೆ, ಹನಿ ನೀರಾವರಿ ಹೊಂದಿದ ತೋಟದಲ್ಲೂ ಎಷ್ಟು ಹೊತ್ತು ಮೋಟಾರ್ ಓಡಿಸಬೇಕೆಂಬುದು ಅಂದಾಜಿನ ಮೇಲೆ ನಡೆಯುತ್ತಿದೆ. ಎಲ್ಲಿ ಮಳೆ ಬಿತ್ತು, ಎಲ್ಲಿ ರೋಗ ಬಂತು ಎಂಬ ಖಚಿತ ಸುದ್ದಿ ಇಲ್ಲದವರು ಭಯಕ್ಕೆ ನೀರು ಬಿಡುತ್ತಾರೆ, ಭಯಕ್ಕೆ ಔಷಧಿ ಹೊಡೆಯುತ್ತಾರೆ. ಭಯವನ್ನು ಕಡಿಮೆ ಮಾಡುವ ದಾಖಲೆಯೇ ಇಲ್ಲಿ ಅಗ್ಗದ ಪರಿಹಾರ.

ಕೊನೆಯ ಆಕ್ಷೇಪ ಬಾಶೆಟ್ಟಿಹಳ್ಳಿಯಲ್ಲಿ ನಿಂತವರಿಗೆ ತಾನಾಗಿ ಹೊಳೆಯುವಂಥದ್ದು. ನಾಳೆ ಈ ನೆಲವೆಲ್ಲ ಕಾರ್ಖಾನೆಗೆ, ನಿವೇಶನಕ್ಕೆ ಹೋಗುವುದೇ ಆದರೆ ಗುಲಾಬಿಯ ಜ್ಞಾನ ಕೂಡಿಟ್ಟು ಏನು ಫಲ? ಕೈಗಾರಿಕೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಅದನ್ನು ದೂಷಿಸಿ ಪ್ರಯೋಜನವಿಲ್ಲ. ಅದರ ಜೊತೆಗೇ, ಕಾರ್ಖಾನೆಗಳ ಮತ್ತು ನಗರದ ಕೊಳಚೆ ನೀರು ಕೆರೆಗಳನ್ನು ಸೇರುತ್ತಿದೆ ಎಂದು ದೊಡ್ಡತುಮಕೂರು ಸುತ್ತಿನ ಹಳ್ಳಿಗಳ ಜನ ವರ್ಷಗಳಿಂದ ಹೋರಾಡುತ್ತಿರುವುದೂ ನಿಜ. ನೆಲ ಉಳಿಯುತ್ತದೋ ಇಲ್ಲವೋ ಎಂಬುದು ಬೇರೆ ಹೋರಾಟ. ಆದರೆ ಬಂಡವಾಳ ಬಂದು ಹೋಗುವ ವೇಗವನ್ನು ಈ ತಾಲ್ಲೂಕು ಒಮ್ಮೆ ಕಂಡಿದೆ. 1990ರ ದಶಕದಲ್ಲಿ ದೊಡ್ಡಬಳ್ಳಾಪುರದ ಬಳಿ ಗುಲಾಬಿ ತೋಟದಿಂದ ಹೊರಟ ಕರುತೂರಿ ಕಂಪನಿ 2007ರಲ್ಲಿ ಕೆನ್ಯಾದ ನೈವಾಶಾ ಸರೋವರದ ಬಳಿಯ ಬೃಹತ್ ತೋಟವನ್ನು ಕೊಂಡು ಜಗತ್ತಿನ ಅತಿ ದೊಡ್ಡ ಗುಲಾಬಿ ಉತ್ಪಾದಕ ಸಂಸ್ಥೆ ಎನಿಸಿತು. 2014ರಲ್ಲಿ ಆ ತೋಟ ಸಾಲ ಕೊಟ್ಟ ಬ್ಯಾಂಕು ನೇಮಿಸಿದ ರಿಸೀವರ್‌ಗಳ ಕೈ ಸೇರಿತು. ಅಷ್ಟು ದೊಡ್ಡ ಸಾಹಸ ಏರಿ ಇಳಿದ ಕಾಲದುದ್ದಕ್ಕೂ ಅರ್ಧ ಎಕರೆ, ಒಂದು ಎಕರೆಯ ಬೆಳೆಗಾರರು ಇಲ್ಲೇ ಹೂ ಬಿಡಿಸುತ್ತಿದ್ದರು. ಅವರನ್ನು ಉಳಿಸಿದ್ದು ನೆಲದ ಜೊತೆಗಿನ ಅನುಭವ. ಒಂದು ಊರಿನ ನೆಲ ಹೋದರೂ ಬರೆದಿಟ್ಟ ಅನುಭವ ಸಾಸಲು, ದೊಡ್ಡಬೆಳವಂಗಲ, ಮಧುರೆ ಹೋಬಳಿಗಳ ಮುಂದಿನ ಬೆಳೆಗಾರನಿಗೆ ದಾಟೀತು. ಬರೆದಿಡದಿದ್ದರೆ ನೆಲದ ಜೊತೆಗೇ ಅದೂ ಹೋಗುತ್ತದೆ.

ದಾಖಲೆ ಇಲ್ಲದವರಿಗೆ ಏನಾಗುತ್ತದೆ ಎಂಬುದನ್ನು 2020 ತೋರಿಸಿಕೊಟ್ಟಿತು. ಮಾರ್ಚ್ ಕೊನೆಯ ಲಾಕ್‌ಡೌನ್‌ಗೆ ದೇವಸ್ಥಾನ ಮುಚ್ಚಿತು, ಮದುವೆ ನಿಂತಿತು, ವಿಮಾನ ಇಳಿಯಿತು. ಗಿಡ ಮಾತ್ರ ನಿಲ್ಲಲಿಲ್ಲ. ಬಿಡಿಸಿದ ಹೂವನ್ನು ತಿಪ್ಪೆಗೆ ಸುರಿಯಬೇಕಾಯಿತು, ಬಿಡಿಸದಿದ್ದರೆ ಗಿಡ ಕೆಡುತ್ತದೆ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ, ಪರಿಹಾರ ಘೋಷಿಸಿತು. ಸಹಾಯ ಬಂದದ್ದು ಒಳ್ಳೆಯದೇ. ಆದರೆ ಬಯಲಿನ ಬಿಡಿ ಹೂವಿಗೂ, ಎಕರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಿಡ ಕೂರಿಸಿದ ಪಾಲಿಹೌಸ್‌ಗೂ ಇರುವ ಅಂತರವನ್ನು ಹೆಕ್ಟೇರಿನ ಲೆಕ್ಕ ಹಿಡಿಯಲಾರದು. ಯಾರ ತೋಟದಲ್ಲಿ ಆ ವಾರ ಎಷ್ಟು ಹೂ ಇತ್ತು, ಎಷ್ಟು ಹಾಳಾಯಿತು ಎಂದು ಬೆಳೆಗಾರರೇ ತೋರಿಸುವ ಪುಸ್ತಕ ಇದ್ದಿದ್ದರೆ ಕೇಳುವ ದನಿಗೆ ಆಧಾರ ಸಿಗುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಕಟ್ಟಡ, ಹೊಸ ನಿಗಮ ಬೇಡ. ಈ ತಾಲ್ಲೂಕಿನ ಹಳ್ಳಿ ಹಳ್ಳಿಯಲ್ಲೂ ಹಾಲಿನ ಡೇರಿ ಇದೆ. ಬೆಳಿಗ್ಗೆ ಸಂಜೆ ಅಲ್ಲಿ ಜನ ಸೇರುತ್ತಾರೆ, ಲೀಟರು, ಫ್ಯಾಟ್ ಅಳೆದು ಪಾಸ್‌ಪುಸ್ತಕದಲ್ಲಿ ಬರೆಯುತ್ತಾರೆ. ಬರೆದ ಲೆಕ್ಕ ನಂಬಿಕೆ ಹುಟ್ಟಿಸಿತು, ಆ ನಂಬಿಕೆಯ ಮೇಲೆ ಹೈನುಗಾರಿಕೆ ಬೆಳೆಯಿತು. ಅದೇ ಗೋಡೆಯ ಮೇಲೆ ಇನ್ನೊಂದು ಹಲಗೆ, ಅದೇ ಮೇಜಿನ ಮೇಲೆ ಇನ್ನೊಂದು ನೋಟ್‌ಪುಸ್ತಕ ಸಾಕು. ಗಿಡ ಸವರಿದ ದಿನ ಮತ್ತು ಎಷ್ಟು ಗುಂಟೆ, ಮೊದಲ ಹೂ ಬಿಡಿಸಿದ ದಿನ, ರೋಗ ಅಥವಾ ಕೀಟ ಮೊದಲು ಕಂಡ ದಿನ, ಬಿದ್ದ ಮಳೆ, ಕೈಗೆ ಬಂದ ಬೆಲೆ. ಈ ಐದು ಸಾಲನ್ನು ವಾರಕ್ಕೊಮ್ಮೆ ಬರೆದರೆ, ಹೂ ಬಿಡಿಸುವ ಹೆಂಗಸರಲ್ಲೇ ಓದುಬರಹ ಬಲ್ಲ ಒಬ್ಬರಿಗೆ ಗೌರವಧನ ಕೊಟ್ಟು ಬರೆಸಿದರೆ, ವರ್ಷದ ಕೊನೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಎಲ್ಲ ಊರುಗಳ ಪುಸ್ತಕ ತರಿಸಿ ಒಂದು ಕನ್ನಡ ವಾರ್ಷಿಕವಾಗಿ ಅಚ್ಚು ಹಾಕಿಸಿದರೆ, ಐದು ವರ್ಷದಲ್ಲಿ ಯಾವ ಹೊರದೇಶದ ಕೈಪಿಡಿಯೂ ಕೊಡದ ಜ್ಞಾನ ಈ ತಾಲ್ಲೂಕಿನ ಕೈಯಲ್ಲಿರುತ್ತದೆ. ತೋಟಗಾರಿಕೆ ಇಲಾಖೆ ಪಾಲಿಹೌಸ್ ಕಟ್ಟಲು ಸಹಾಯಧನ ಕೊಡುತ್ತದೆ. ಅದರ ನೂರರಲ್ಲೊಂದು ಪಾಲೂ ಬೇಡದ ಕೆಲಸವಿದು. ಸಬ್ಸಿಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಹಾಳೆಗೆ ಕೆಲವೇ ವರ್ಷದ ಆಯುಷ್ಯ. ಬೆಳೆಗಾರರು ತಾವೇ ಬರೆದು, ತಮ್ಮೊಳಗೆ ಹಂಚಿಕೊಂಡು, ಮಕ್ಕಳಿಗೆ ಕೊಟ್ಟುಹೋಗುವ ತೋಟದ ಲೆಕ್ಕಕ್ಕೆ ಅಂಥ ಗಡುವಿಲ್ಲ. ಇಲಾಖೆ, ಸಹಕಾರ ಸಂಘ, ಬೆಳೆಗಾರರು ಮೂವರೂ ಕೂತು ಮಾತಾಡಿ, ಬರುವ ಚಳಿಗಾಲದ ಮೊದಲ ಕತ್ತರಿಯಿಂದಲೇ ಇದನ್ನು ಶುರುಮಾಡಬೇಕು.